ಜೋಳವಾಳಿ: ಉಂಡ ಜೋಳದ ಎರಡು ಬದಿಯ ಲೆಕ್ಕ

ತಿಕೋಂಡಿಯಲ್ಲಿ ಜೋಳ ಎಂದರೆ ಬಿಳಿಜೋಳ. ಬೆಂಗಳೂರು, ಮೈಸೂರಿನ ಕಡೆಯ ಓದುಗರಿಗೆ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅಲ್ಲಿ ಜೋಳ ಎಂದೊಡನೆ ತಳ್ಳುಗಾಡಿಯ ಕೆಂಡದ ಮೇಲೆ ಸುಡುವ ಮುಸುಕಿನ ಜೋಳ ನೆನಪಾಗುತ್ತದೆ. ಅದು ಅಮೆರಿಕ ಖಂಡದಿಂದ ತಡವಾಗಿ ಬಂದ ನೆಂಟ; ಪಂಪನಿಗೂ ಗೊತ್ತಿರಲಿಲ್ಲ, ಬಸವಣ್ಣನಿಗೂ ಗೊತ್ತಿರಲಿಲ್ಲ. ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಮೂಡಣ ಅಂಚಿನ ಈ ಊರಲ್ಲಿ, ಆಚೆಯ ವಿಜಯಪುರ ಸೀಮೆಯಲ್ಲಿ, ಬಡಗಣ ಮಂಗಳವೇಢೆಯಲ್ಲಿ ಹಿಂಗಾರಿಗೆ ಬೆಳೆದು ವರ್ಷವಿಡೀ ರೊಟ್ಟಿಯಾಗುವ ಜೋಳವೇ ನಮ್ಮ ಹಳೆಯ ಕವಿಗಳು, ಶಾಸನಕಾರರು ಬಲ್ಲ ಜೋಳ. ಮಂಗಳವೇಢೆಯ ಮಾಲದಂಡಿ ಜೋಳಕ್ಕೆ ಈಗ ಭೌಗೋಳಿಕ ಸೂಚಕದ ಮುದ್ರೆಯೂ ಬಿದ್ದಿದೆ. ಈ ಕಾಳಿನಿಂದಲೇ ಕನ್ನಡ ತನ್ನ ಸೈನಿಕಧರ್ಮಕ್ಕೆ ಹೆಸರಿಟ್ಟುಕೊಂಡಿತು: ಜೋಳವಾಳಿ.

ಮೂಲರೂಪ ‘ಜೋಳದ ಪಾೞಿ’. ಪಾೞಿ ಎಂದರೆ ಕ್ರಮ, ನ್ಯಾಯ, ನಡೆಯಬೇಕಾದ ಧರ್ಮ. ಸಮಾಸವಾದಾಗ ಪಕಾರ ವಕಾರವಾಯಿತು, ಕಾಲ ಕಳೆದಂತೆ ೞ ಹೋಗಿ ಳ ಉಳಿಯಿತು. ರೇಷನ್ ಅಂಗಡಿಯ ಮುಂದೆ ನಾವು ಹಚ್ಚುವ ‘ಪಾಳಿ’ ಸರದಿಯ ಪಾಳಿ, ಅದನ್ನು ಇದಕ್ಕೆ ಗಂಟು ಹಾಕಬೇಕಿಲ್ಲ. ಯಾರ ಜೋಳ ಉಂಡೆಯೋ ಅವನಿಗಾಗಿ ಕಾದು, ಬೇಕಾದರೆ ಸತ್ತು, ಆ ಋಣ ತೀರಿಸುವುದು ಜೋಳವಾಳಿ. ವೀರನ ಧರ್ಮಕ್ಕೆ ಹೆಸರು ಹುಡುಕುವಾಗ ಸ್ವರ್ಗ, ಕೀರ್ತಿ, ಕುಲ ಎಲ್ಲ ಇದ್ದವು. ಆದರೆ ಜನ ಆರಿಸಿಕೊಂಡದ್ದು ಹೊಟ್ಟೆಗೆ ಬಿದ್ದ ಕಾಳನ್ನು. ಈ ನೇರತನ ನನಗೆ ಇಷ್ಟ.

ಕಾಲೇಜಿನಲ್ಲಿ ಪಂಪಭಾರತದ ಕರ್ಣಪ್ರಸಂಗ ಪಾಠ ಮಾಡುವ ಮೇಷ್ಟ್ರುಗಳು ಈ ಮಾತನ್ನು ತಪ್ಪದೆ ತರುತ್ತಾರೆ. 941ರಲ್ಲಿ ಕಾವ್ಯ ಮುಗಿಸಿದ ಪಂಪ ತಾನೂ ಕತ್ತಿ ಹಿಡಿದವನು, ಅರಿಕೇಸರಿಯ ಆಶ್ರಯದಲ್ಲಿದ್ದವನು. ಉಂಡ ಅನ್ನದ ತೂಕ ಅವನಿಗೆ ಪುಸ್ತಕದಿಂದ ತಿಳಿದದ್ದಲ್ಲ. ಹುಟ್ಟಿನ ಗುಟ್ಟು ಗೊತ್ತಾದ ಮೇಲೂ ಕರ್ಣ ದುರ್ಯೋಧನನನ್ನು ಬಿಡುವುದಿಲ್ಲ. ಕುಲ ಕೇಳಿದ ಸಭೆಯಲ್ಲಿ ಕುಲ ಕೇಳದೆ ಅಂಗರಾಜ್ಯ ಕೊಟ್ಟವನು ದುರ್ಯೋಧನ. ವ್ಯಾಸಭಾರತದ ಭೀಷ್ಮನಾದರೋ ಯುದ್ಧದ ಮೊದಲ ದಿನ ಧರ್ಮರಾಯನೆದುರು ತಾನು ಕೌರವರ ಹಣಕ್ಕೆ ಕಟ್ಟುಬಿದ್ದವನೆಂದು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತಾನೆ. ಒಂದೇ ಮನೆಯ ಜೋಳ ಉಂಡವರು ಇಬ್ಬರು. ಒಬ್ಬನಿಗೆ ಅದು ಹಂಗು, ಇನ್ನೊಬ್ಬನಿಗೆ ಮರ್ಯಾದೆ. ಪದ ಇಬ್ಬರಿಗೂ ಒಪ್ಪುತ್ತದೆ, ಅದರ ಕಷ್ಟವೂ ಇದೇ. ಒಡೆಯ ನಡೆದದ್ದು ತಪ್ಪು ದಾರಿಯಾದರೆ ಉಂಡವನು ಏನು ಮಾಡಬೇಕು ಎಂಬುದಕ್ಕೆ ಜೋಳವಾಳಿಯಲ್ಲಿ ಉತ್ತರವಿಲ್ಲ.

ಜೋಳವಾಳಿಯ ಜೊತೆಗೆ ಇನ್ನೆರಡು ಪದಗಳಿದ್ದವು, ವೇಳೆವಾಳಿ ಮತ್ತು ಲೆಂಕವಾಳಿ. ಎಂ. ಚಿದಾನಂದಮೂರ್ತಿಯವರು ಶಾಸನಗಳನ್ನು ಜಾಲಾಡಿ ಇವುಗಳ ಅರ್ಥ ಬಿಡಿಸಿಟ್ಟಿದ್ದಾರೆ. ಜೋಳವಾಳಿಯವನು ಅನ್ನಕ್ಕೆ ಪ್ರತಿಯಾಗಿ ಕಾದುವವನು. ವೇಳೆವಾಳಿಯವನು ಒಡೆಯನಿಗಾಗಿ ಪ್ರಾಣ ಕೊಡುವೆನೆಂದು ಭಾಷೆ ಕೊಟ್ಟು, ಆ ವೇಳೆ ಬಂದಾಗ ಮಾತು ನಡೆಸುವವನು. ಚೋಳರ ವೇಳೈಕ್ಕಾರರು ಇದೇ ಬಳಗ. ಲೆಂಕನಿಗೆ ಒಡೆಯನಿಲ್ಲದ ಬದುಕೇ ಇಲ್ಲ. ಈ ಕಟ್ಟಕಡೆಯ ಮೆಟ್ಟಿಲು ಹೇಗಿತ್ತೆಂದು ನೋಡಬೇಕಾದರೆ ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ತೆಂಕಣಕ್ಕಿರುವ ಗರುಡಗಂಬದ ಹತ್ತಿರ ಹೋಗಬೇಕು. ಇಮ್ಮಡಿ ವೀರಬಲ್ಲಾಳ 1220ರ ಸುಮಾರಿಗೆ ತೀರಿಕೊಂಡಾಗ ಅವನ ದಂಡನಾಯಕ ಕುವರ ಲಕ್ಷ್ಮ, ಹೆಂಡತಿ ಸುಗ್ಗಲದೇವಿ ಹಾಗೂ ತನ್ನ ಆಳುಗಳೊಂದಿಗೆ ಪ್ರಾಣ ಬಿಟ್ಟದ್ದರ ನೆನಪು ಅದು. ಕಂಬವನ್ನು ಸುತ್ತಿ ನೋಡಿದರೆ ಮೊಳಕ್ಕೂ ಚಿಕ್ಕ ಗಂಡಾಳುಗಳ ಕೆತ್ತನೆ ಕಾಣುತ್ತದೆ. ಒಬ್ಬ ತನ್ನ ಜುಟ್ಟನ್ನು ತಾನೇ ಹಿಡಿದಿದ್ದಾನೆ, ಇನ್ನೊಬ್ಬನ ಕತ್ತಿ ಅವನ ಕೊರಳಿಗೇ ತಾಗಿದೆ. ಶಿಲ್ಪಿಯ ಕೈಚಳಕಕ್ಕೆ ತಲೆದೂಗಬಹುದು. ಆದರೆ ಇದನ್ನು ಸೈನಿಕಧರ್ಮದ ತುದಿ ಎನ್ನಲು ನನಗೆ ಮನಸ್ಸಿಲ್ಲ. ಸತ್ತ ಒಡೆಯನಿಗೆ ಇದರಿಂದ ಸಂದದ್ದೇನೂ ಇಲ್ಲ, ಬದುಕಿದ್ದ ನಾಡಿಗೆ ಮಾತ್ರ ಒಂದು ಪಡೆ ಕಡಿಮೆಯಾಯಿತು.

ಮಂಗಳವೇಢೆ ಕಲಚುರಿ ಬಿಜ್ಜಳನ ನೆಲೆ. ಬಸವಣ್ಣ ಅವನ ಬಳಿ ಕರಣಿಕನಾಗಿ ಅರಮನೆಯ ಲೆಕ್ಕ ಬರೆದನೆಂಬುದು ಪರಂಪರೆಯ ಮಾತು. ಅಂಥವನು ಒಂದು ವಚನದಲ್ಲಿ ತನ್ನನ್ನು ಜೋಳವಾಳಿಯವರ ಸಾಲಿನಿಂದ ಹೊರಗಿಟ್ಟು ವೇಳೆವಾಳಿಯವರ ಸಾಲಿನಲ್ಲಿ ನಿಲ್ಲಿಸಿಕೊಳ್ಳುತ್ತಾನೆ, ಅದೂ ಅರಸನಿಗಲ್ಲ, ಕೂಡಲಸಂಗಮನಿಗೆ. ದಂಡಿನ ಪದ ಹೀಗೆ ಭಕ್ತಿಗೆ ಬಂತು. ಸಂಬಳ ಅರಸನದು, ಭಾಷೆ ಮಾತ್ರ ಬೇರೆಡೆಗೆ ಕೊಟ್ಟದ್ದು ಎಂದು ಒಬ್ಬ ನೌಕರನೇ ಹೇಳಿದಂತಾಯಿತು. ‘ಸಂಬಳ’ವೂ ಇದೇ ಜಾತಿಯ ಪದ. ಸಂಸ್ಕೃತದ ‘ಶಂಬಲ’ ದಾರಿಬುತ್ತಿ. ಅದಕ್ಕೆ ತದ್ವಿರುದ್ಧವಾಗಿ ನಮ್ಮ ಕಡೆಯ ‘ಪಗಾರ’ ಪೋರ್ಚುಗೀಸರಿಂದ ಬಂದ ಬರೀ ಪಾವತಿ, ಅದರಲ್ಲಿ ಅನ್ನದ ವಾಸನೆ ಇಲ್ಲ.

ಜೋಳವಾಳಿಯನ್ನು ಆಳಿನ ಕರ್ತವ್ಯವೆಂದಷ್ಟೇ ಓದುವುದು ಅರ್ಧ ಓದು. ಅದೇ ಶಾಸನಗಳಲ್ಲಿ ಒಡೆಯನ ಬದಿಯ ಪದಗಳೂ ಇವೆ. ಕಾದಿ ಬಂದವನ ಕತ್ತಿಯ ರಕ್ತ ತೊಳೆದು ಕೊಡುವ ದತ್ತಿ ಬಾಳ್ಗಚ್ಚು. ಸತ್ತವನ ಮನೆಯವರಿಗೆ ಬಿಡುವ ಭೂಮಿ ನೆತ್ತರುಗೊಡಗೆ. 949ರ ತಕ್ಕೋಲದ ಕಾಳಗದಲ್ಲಿ ಗಂಗರ ಬೂತುಗನ ಕಡೆ ಹೋರಾಡಿದ ಮಣಲೆರನ ಕಥೆ ಆತಕೂರಿನ ಕಲ್ಲಿನಲ್ಲಿದೆ. ಮೆಚ್ಚಿದೆ, ಬೇಡಿಕೋ ಎಂದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಕಾಳಿ ಮುಂದೆ ಒಂದು ಹಂದಿಯ ಜೊತೆ ಕಾದಿ, ಎರಡೂ ಸತ್ತವು. ನಾಯಿಗೂ ಕಲ್ಲು ನಿಂತಿತು, ದತ್ತಿ ನಡೆಯಿತು. ಮಣಲೆರನಿಗೆ ಬಾಳ್ಗಚ್ಚಾಗಿ ಊರು ಬಂತು. ಆಳು ಬೇಡಿದ್ದು ನಾಯಿ ಮಾತ್ರ ಎಂದು ಒಡೆಯ ಅಷ್ಟಕ್ಕೇ ಕೈತೊಳೆದುಕೊಳ್ಳಲಿಲ್ಲ.

ಊರಿನ ಮಟ್ಟದಲ್ಲಿ ಈ ಲೆಕ್ಕ ಕಣದಲ್ಲೇ ನಡೆಯುತ್ತಿತ್ತು. ರಾಶಿಯಾಗಿ, ತೂರಿ, ಪೂಜೆ ಮಾಡಿದ ಮೇಲೆ ಮನೆಗೆ ಒಯ್ಯುವ ಮೊದಲು ಆಯದ ಜೋಳ ಅಳೆಯಬೇಕು. ಬಡಗಿ, ಕಮ್ಮಾರ, ಕುಂಬಾರ, ನಾವಿದರು ನಿಂತಿರುತ್ತಿದ್ದರು. ಅವರ ನಡುವೆ ಬಡಿಗೆ ಹಿಡಿದ ತಳವಾರನೂ ಇರುತ್ತಿದ್ದ. ಆಯುಧ ಹಿಡಿದು ರಾತ್ರಿ ಊರು ಕಾಯುವವನಿಗೆ ಸಿಗುವ ಕೂಲಿ ಅದೇ ಊರಿನ ಜೋಳ. ಮರಾಠಿ ಬದಿಯಲ್ಲಿ ಇದೇ ಬಲುತೆ. ನಮ್ಮ ವೀರಗಲ್ಲುಗಳಲ್ಲಿ ಎಷ್ಟೋ ಕಲ್ಲು ಅರಸನ ಹೆಸರಿಗಿಂತ ಹೆಚ್ಚಾಗಿ ತುರುಗೊಳ್, ಪೆಣ್ಬುಯ್ಯಲ್ ಎಂದು ದನ ಬಿಡಿಸಿದ್ದನ್ನು, ಹೆಂಗಸರ ಮಾನ ಕಾಯ್ದದ್ದನ್ನು ಹೇಳುತ್ತವೆ. ಆ ವೀರರಿಗೆ ಒಡೆಯ ಎಂದರೆ ಊರೇ. ಹಳೇಬೀಡಿನ ಕಂಬಕ್ಕಿಂತ ಹೊಲದ ಬದುವಿನ ಇಂಥ ಮೊಂಡುಗಲ್ಲಿನಲ್ಲಿ ಸೇವೆಯ ಅರ್ಥ ನಿಚ್ಚಳವಾಗಿದೆ ಎಂದೇ ನನ್ನ ಎಣಿಕೆ.

ಆದಿಲ್‌ಶಾಹಿ ಕಾಲಕ್ಕೆ ಕಾಳಿನ ಜಾಗಕ್ಕೆ ವತನು, ಜಹಗೀರು ಬಂದವು. ಜತ್ತವನ್ನು 1948ರವರೆಗೆ ಆಳಿದ ಡಫಳೆ ಮನೆತನ ಬೆಳೆದದ್ದು ಹಾಗೆ ಪಡೆದ ದೇಶಮುಖಿಯಿಂದಲೇ. ಪಾರಸಿಯಿಂದ ಸಿಪಾಯಿ, ಚಾಕರಿ, ನೌಕರಿಗಳ ಜೊತೆ ‘ನಮಕ್’ ಕೂಡ ಬಂತು, ಜೋಳ ಉಪ್ಪಾಯಿತು. ಉಪ್ಪುಂಡ ಮನೆಗೆ ಎರಡು ಬಗೆಯಬೇಡ ಎಂಬ ನಮ್ಮ ಗಾದೆಗೂ ದಂಡಿನ ‘ನಾಮ್, ನಮಕ್, ನಿಶಾನ್’ ಎಂಬ ಮಾತಿಗೂ ಹೊಂದಾಣಿಕೆ ಸುಲಭ. ನಿವೃತ್ತ ಹವಾಲ್ದಾರರೊಬ್ಬರು ಕಟ್ಟೆಯ ಮೇಲೆ ಕೂತು “ಸರಕಾರದ ಉಪ್ಪ ತಿಂದೀವ್ರಿ” ಎಂದರೆ ಕೇಳುವವರಿಗೆ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಯಾರ ಉಪ್ಪು? 1945ರ ನವೆಂಬರಿನಲ್ಲಿ ಕೆಂಪುಕೋಟೆಯಲ್ಲಿ ಷಾ ನವಾಜ್ ಖಾನ್, ಸೆಹಗಲ್, ಧಿಲ್ಲೋನ್ ಎಂಬ ಆಜಾದ್ ಹಿಂದ್ ಫೌಜಿನ ಮೂವರು ಅಧಿಕಾರಿಗಳ ವಿಚಾರಣೆ ನಡೆದಾಗ ಎದ್ದದ್ದು ಇದೇ ಪ್ರಶ್ನೆ. ದೊರೆಗೆ ನಿಷ್ಠೆಯ ಪ್ರಮಾಣ ಮಾಡಿ ಅವನ ಮೇಲೇ ಯುದ್ಧ ಹೂಡಿದರು ಎಂಬುದು ಆರೋಪ. ಪರತಂತ್ರ ದೇಶದ ಜನರಿಗೆ ಬಿಡುಗಡೆಗಾಗಿ ಹೋರಾಡುವ ಹಕ್ಕಿದೆ, ದೊರೆ ಬೇರೆ ದೇಶ ಬೇರೆ ಎಂದಾದಾಗ ನಿಷ್ಠೆ ದೇಶಕ್ಕೆ ಎಂದು ವಾದಿಸಿದವರು ಭೂಲಾಭಾಯಿ ದೇಸಾಯಿ. ಜೀವಾವಧಿ ಗಡೀಪಾರಿನ ಶಿಕ್ಷೆಯೇನೋ ವಿಧಿಸಲಾಯಿತು, ಸೇನಾಪತಿ ಆಕಿನ್‌ಲೆಕ್ ಅದನ್ನು ಕೈಬಿಡಬೇಕಾಯಿತು. ಕರ್ಣನ ಮುಂದೆ ಬಿಡಿಸದೆ ಉಳಿದಿದ್ದ ಗಂಟಿಗೆ ಕೋರ್ಟಿನಲ್ಲಿ ಕೈಹಚ್ಚಿದ್ದು ಆಗ.

ಸ್ವತಂತ್ರ ಭಾರತ ಆ ಗಂಟನ್ನು ಬರವಣಿಗೆಯಲ್ಲೇ ಬಿಡಿಸಿತು. ಗಡಿಯ ಎರಡೂ ಬದಿಯ ಹುಡುಗರನ್ನು ಸೇರಿಸಿಕೊಳ್ಳುವ ಮರಾಠಾ ಲಘು ಪದಾತಿದಳದ ಕೇಂದ್ರ ಬೆಳಗಾವಿಯಲ್ಲಿದೆ. 1768ರಷ್ಟು ಹಳೆಯ ಬೇರಿನ ಆ ದಳದ ಧ್ಯೇಯವಾಕ್ಯ ‘ಕರ್ತವ್ಯ, ಮಾನ, ಸಾಹಸ’. ತರಬೇತಿ ಮುಗಿಸಿದ ಹುಡುಗ ಕಸಮ್ ಪರೇಡಿನಲ್ಲಿ ನಿಷ್ಠೆಯ ಪ್ರಮಾಣ ಮಾಡುವುದು ಸೇನಾಪತಿಗಲ್ಲ, ಪಕ್ಷಕ್ಕಲ್ಲ, ಪ್ರಧಾನಿಗೂ ಅಲ್ಲ. ಭಾರತದ ಸಂವಿಧಾನಕ್ಕೆ. ಆಮೇಲೆ ರಾಷ್ಟ್ರಪತಿಯ, ಮೇಲಧಿಕಾರಿಗಳ ಆಜ್ಞೆಯನ್ನು ಜೀವಕ್ಕೆ ಕುತ್ತು ಬಂದರೂ ಪಾಲಿಸುವ ಮಾತು ಬರುತ್ತದೆ. 1950ರ ಸೇನಾ ಕಾಯ್ದೆಯ 41ನೆಯ ಕಲಮು ಅವಿಧೇಯತೆಗೆ ಶಿಕ್ಷೆ ಹೇಳುತ್ತದಾದರೂ ಮೀರಬಾರದ ಆಜ್ಞೆ ಯಾವುದೆಂದು ಹೇಳುವಲ್ಲಿ ‘ಕಾನೂನುಬದ್ಧ’ ಎಂಬ ವಿಶೇಷಣ ಸೇರಿಸುತ್ತದೆ. ಆ ಒಂದು ವಿಶೇಷಣವಿಲ್ಲದೆ ಜೋಳವಾಳಿ ಸಾವಿರ ವರ್ಷ ನಡೆದಿತ್ತು.

ಹಾಗಾದರೆ ಈಗ ಜೋಳ ಹಾಕುವವರು ಯಾರು? ಸೈನಿಕನ ಪಗಾರ ತೆರಿಗೆಯ ದುಡ್ಡು. ಬೆಂಕಿಪೊಟ್ಟಣ ಕೊಂಡವರೂ ಅದರಲ್ಲಿ ಪಾಲುದಾರರು. ಹಳೆಯ ಮಾತಿನಲ್ಲಿ ಹೇಳುವುದಾದರೆ ಒಡೆಯರು ನಾವೇ. ಬಾಳ್ಗಚ್ಚು, ನೆತ್ತರುಗೊಡಗೆಗಳ ಹೊಣೆಯೂ ನಮ್ಮದೇ. ಕೊಡುವವರ ಹೊಣೆ ಎಂದರೇನೆಂದು ಜತ್ತದ ಕನ್ನಡ ಹಳ್ಳಿಗಳಿಗೆ ಯಾರೂ ಕಲಿಸಬೇಕಿಲ್ಲ: 2022ರಲ್ಲಿ ಅವು ಮಹಾರಾಷ್ಟ್ರ ಸರ್ಕಾರಕ್ಕೆ ನೀರು ಕೊಡಿ, ಇಲ್ಲವೇ ಕರ್ನಾಟಕಕ್ಕೆ ಹೋಗಲು ಬಿಡಿ ಎಂದು ಎದುರಿಗೇ ಕೇಳಿದವು.

ಅದೇ ವರ್ಷದ ಜೂನ್‌ನಲ್ಲಿ ಅಗ್ನಿಪಥ ಯೋಜನೆ ಬಂತು. ನಾಲ್ಕು ವರ್ಷದ ಚಾಕರಿ, ಆಮೇಲೆ ಹೆಚ್ಚೆಂದರೆ ನೂರಕ್ಕೆ 25 ಮಂದಿಗೆ ಮುಂದುವರಿಕೆ. ಉಳಿದವರ ಕೈಗೆ ಸುಮಾರು 11.71 ಲಕ್ಷ ರೂಪಾಯಿ, ಪಿಂಚಣಿ ಇಲ್ಲ. ಆ ಗಂಟಿಗೆ ಇಟ್ಟ ಹೆಸರು ‘ಸೇವಾ ನಿಧಿ’. ಅದಕ್ಕಾಗಿ ತಿಂಗಳು ತಿಂಗಳು ಹುಡುಗನ ಪಗಾರದಲ್ಲಿ ನೂರಕ್ಕೆ 30 ಮುರಿದುಕೊಳ್ಳುತ್ತಾರೆ, ಸರ್ಕಾರ ಅಷ್ಟೇ ಸೇರಿಸುತ್ತದೆ. ಸೇನೆಯನ್ನು ಎಳೆಯದಾಗಿಡಬೇಕು, ಪಿಂಚಣಿಯ ಭಾರ ಇಳಿಸಬೇಕು ಎಂಬ ವಾದಗಳಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಆಳಿನಿಂದ ಬಯಸುವುದು ಇಂದಿಗೂ ವೇಳೆವಾಳಿಯನ್ನೇ, ಜೀವ ಕೊಡುವ ಭಾಷೆಯನ್ನೇ. ಪ್ರಮಾಣವಚನದಲ್ಲಿ ನಾಲ್ಕು ವರ್ಷದವನಿಗೆ ರಿಯಾಯಿತಿ ಇಲ್ಲ. ಅದಕ್ಕೆ ಪ್ರತಿಯಾಗಿ ಕೊಡುವ ಗಂಟಿನಲ್ಲಿ ಅರ್ಧ ಅವನದೇ ಜೋಳ. ಇದನ್ನು ಸೇವಾ ನಿಧಿ ಎನ್ನುವುದಕ್ಕಿಂತ ಉಳಿತಾಯ ಖಾತೆ ಎನ್ನುವುದೇ ಸರಿ.