ಮನುಷ್ಯರ ತುಟಿ ನಾಯಿಯ ಪಾಲಾಗಿದ್ದು ಹೇಗೆ?

ಜರ್ಮನಿಯಲ್ಲಿ ಬೆಳಗಿನ ತಿಂಡಿಗೆ ತಿನ್ನೋ ಪುಟ್ಟ ಬನ್ನಿಗೆ ಏನಂತಾರೆ? ಉತ್ತರ ಹೇಳೋ ಮುಂಚೆ ಒಂದು ಮರುಪ್ರಶ್ನೆ ಹಾಕಬೇಕು. ಜರ್ಮನಿಯ ಯಾವ ಊರಲ್ಲಿ? ಪಠ್ಯಪುಸ್ತಕದ ಉತ್ತರ ಬ್ರೋಟ್ಶೆನ್. ಬರ್ಲಿನ್‌ಗೆ ಹೋದರೆ ಅದು ಶ್ರಿಪ್ಪೆ. ಮ್ಯೂನಿಕ್‌ನಲ್ಲಿ ಸೆಮ್ಮೆಲ್. ಷ್ಟುಟ್‌ಗಾರ್ಟ್ ಕಡೆ ವೆಕ್ಲೆ. ಹ್ಯಾಂಬರ್ಗ್‌ನ ಹಳಬರ ಬಾಯಲ್ಲಿ ರುಂಡ್‌ಷ್ಟ್ಯೂಕ್. ಒಂದೇ ದೇಶ, ಒಂದೇ ಬನ್ನು, ಐದು ಹೆಸರು!

ಜರ್ಮನ್ ಅಂದ ಕೂಡಲೇ ನಮ್ಮ ತಲೆಯಲ್ಲಿ ಬರೋದು ಶಿಸ್ತು. ಅಳತೆ ತಪ್ಪದ ಮೆಷಿನ್, ವ್ಯಾಕರಣ ತಪ್ಪದ ಭಾಷೆ. ಆದರೆ ಆ ಭಾಷೆಯ ಒಳಗೆ ಕಾಲಿಟ್ಟರೆ ಅಲ್ಲೊಂದು ದೊಡ್ಡ ಸಂತೆಯೇ ಇದೆ. ಆ ಸಂತೆಯಲ್ಲಿ ಯಾರು ಗೆದ್ದರು, ಯಾರು ಸೋತರು, ಯಾಕೆ ಸೋತರು ಅನ್ನೋದೇ ಇವತ್ತಿನ ಕಥೆ.

ಕಥೆ ಶುರುವಾಗೋದು ಹೆಚ್ಚುಕಡಿಮೆ 6ರಿಂದ 8ನೇ ಶತಮಾನದ ನಡುವೆ. ದಕ್ಷಿಣದ ಬೆಟ್ಟದ ಸೀಮೆಯ ಜನರ ಬಾಯಲ್ಲಿ ಕೆಲವು ವ್ಯಂಜನಗಳು ನಿಧಾನಕ್ಕೆ ಬದಲಾದವು. 'ವಾಟರ್' ಅನ್ನೋದು 'ವಾಸರ್' ಆಯಿತು. 'ಆಪ್ಪೆಲ್' ಅನ್ನೋದು 'ಆಪ್ಫೆಲ್' ಆಯಿತು. 'ಮಾಕೆನ್' ಅನ್ನೋದು 'ಮಾಖೆನ್' ಆಯಿತು. ಉತ್ತರದ ಬಯಲು ಸೀಮೆಯವರು ಮಾತ್ರ ಹಳೆಯದನ್ನೇ ಹಿಡಿದುಕೊಂಡರು. ಇಂಗ್ಲಿಷಿನ ವಾಟರ್, ಆಪಲ್, ಮೇಕ್ ನೆನಪಿಸಿಕೊಳ್ಳಿ. ಉತ್ತರ ಜರ್ಮನಿಯ ಮಾತು ಇಂಗ್ಲಿಷಿಗೆ ಅಷ್ಟು ಹತ್ತಿರ ಯಾಕೆ ಅಂತ ಅರ್ಥವಾಗುತ್ತೆ.

ಭಾಷಾಶಾಸ್ತ್ರಜ್ಞರು ಈ ಎರಡರ ನಡುವೆ ಒಂದು ಗೆರೆ ಎಳೆದಿದ್ದಾರೆ. ಡ್ಯೂಸೆಲ್‌ಡಾರ್ಫ್ ನಗರದ ಬೆನ್ರಾತ್ ಅನ್ನೋ ಜಾಗದ ಹತ್ತಿರ ರೈನ್ ನದಿಯನ್ನು ದಾಟುವುದರಿಂದ ಅದಕ್ಕೆ ಬೆನ್ರಾತ್ ಗೆರೆ ಅಂತ ಹೆಸರು. ಗೆರೆಯ ಮೇಲೆ 'ಮಾಕೆನ್', ಕೆಳಗೆ 'ಮಾಖೆನ್'. ಉತ್ತರದ್ದು ಲೋ ಜರ್ಮನ್, ದಕ್ಷಿಣದ್ದು ಹೈ ಜರ್ಮನ್. ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಈ ಹೈ-ಲೋ ಮೇಲುಕೀಳಿನ ಲೆಕ್ಕ ಅಲ್ಲ. ಬೆಟ್ಟದ ಮೇಲಿನದ್ದು ಹೈ, ಸಮುದ್ರದ ಕಡೆಯ ತಗ್ಗಿನದ್ದು ಲೋ. ಬರೀ ಭೂಗೋಳ. ಆದರೆ ಮುಂದೆ ಏನಾಯಿತು ನೋಡಿ. ಭೂಗೋಳದ ಪದವೇ ಅಂತಸ್ತಿನ ಪದ ಆಗಿಬಿಟ್ಟಿತು.

ಹಾಗಾದರೆ ಲೋ ಜರ್ಮನ್ ಅಷ್ಟು ದುರ್ಬಲವಾಗಿತ್ತಾ? ಖಂಡಿತ ಇಲ್ಲ. 14, 15ನೇ ಶತಮಾನದಲ್ಲಿ ಉತ್ತರ ಯುರೋಪಿನ ವ್ಯಾಪಾರವನ್ನು ಆಳುತ್ತಿದ್ದದ್ದೇ ಈ ಭಾಷೆ. ಲ್ಯೂಬೆಕ್ ನಗರದ ಮುಂದಾಳತ್ವದಲ್ಲಿ ಹಾನ್ಸಾ ಅನ್ನೋ ವರ್ತಕ ನಗರಗಳ ಒಕ್ಕೂಟ ಇತ್ತು. ಪಶ್ಚಿಮದ ಬ್ರೂಗೆಯಿಂದ ಪೂರ್ವದ ನೊವ್ಗೊರೊಡ್‌ವರೆಗೆ, ಉತ್ತರದ ಬೆರ್ಗೆನ್‌ವರೆಗೆ ಅವರ ಹಡಗು, ಅವರ ಗೋದಾಮು, ಅವರ ಲೆಕ್ಕಪುಸ್ತಕ. ಆ ಪುಸ್ತಕದ ಭಾಷೆ ಲೋ ಜರ್ಮನ್. ಇವತ್ತಿನ ಸ್ವೀಡಿಷ್, ಡ್ಯಾನಿಷ್, ನಾರ್ವೇಜಿಯನ್ ಭಾಷೆಗಳ ತುಂಬ ಅದರ ಪದಗಳಿವೆ. 1494ರಲ್ಲೇ ಲ್ಯೂಬೆಕ್‌ನಲ್ಲಿ ಈ ಭಾಷೆಯ ಬೈಬಲ್ ಅಚ್ಚಾಗಿತ್ತು. ವ್ಯಾಪಾರ ಇತ್ತು, ಕಾನೂನು ಇತ್ತು, ಮುದ್ರಣ ಇತ್ತು. ಒಂದು ಭಾಷೆಗೆ ಇನ್ನೇನು ಬೇಕು?

ಇಷ್ಟೆಲ್ಲ ಇದ್ದೂ ಸೋತಿತು.

ಎರಡು ಏಟು ಒಟ್ಟಿಗೆ ಬಿದ್ದವು. ಒಂದು, ಹಾನ್ಸಾದ ವ್ಯಾಪಾರ ಕುಸಿಯಿತು. ಇನ್ನೊಂದು, ಮಾರ್ಟಿನ್ ಲೂಥರ್. 1521-22ರಲ್ಲಿ ವಾರ್ಟ್‌ಬುರ್ಗ್ ಕೋಟೆಯಲ್ಲಿ ಅಡಗಿ ಕೂತಿದ್ದ ಲೂಥರ್ ಕೆಲವೇ ವಾರಗಳಲ್ಲಿ ಹೊಸ ಒಡಂಬಡಿಕೆಯನ್ನು ಜರ್ಮನ್‌ಗೆ ತಂದರು. 1534ರಲ್ಲಿ ಪೂರ್ತಿ ಬೈಬಲ್ ಬಂತು. ಅವರು ಆರಿಸಿಕೊಂಡಿದ್ದು ಸ್ಯಾಕ್ಸನಿಯ ಅರಮನೆ ಕಚೇರಿಯ ಬರವಣಿಗೆಯ ಭಾಷೆ. ಆದರೆ ಅದಕ್ಕೆ ಜೀವ ತುಂಬಿದ್ದು ಮನೆಯ ಹೆಂಗಸರ, ಬೀದಿಯ ಮಕ್ಕಳ, ಸಂತೆಯ ಜನರ ಮಾತು.

ಇಲ್ಲೊಂದು ಸಣ್ಣ ಘಟನೆ. 1523ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಮುದ್ರಕ ಆಡಂ ಪೆಟ್ರಿ ಲೂಥರ್ ಅನುವಾದವನ್ನು ಮತ್ತೆ ಅಚ್ಚು ಹಾಕಿದ. ಅವನಿಗೊಂದು ತಲೆನೋವು. ಜರ್ಮನ್ ಮಾತಾಡೋ ತನ್ನ ಗಿರಾಕಿಗಳಿಗೇ ಈ ಜರ್ಮನ್ ಪೂರ್ತಿ ಅರ್ಥ ಆಗ್ತಿಲ್ಲ! ಹಾಗಾಗಿ ಪುಸ್ತಕದ ಜೊತೆ ಒಂದು ಪದಪಟ್ಟಿಯನ್ನೇ ಸೇರಿಸಿದ. ಲೂಥರ್ ತುಟಿಗೆ 'ಲಿಪ್ಪೆ' ಅಂತ ಬರೆದಿದ್ದರು. ದಕ್ಷಿಣದವರಿಗೆ ಅದು ಹೊಸ ಪದ. ಅವರ ತುಟಿಗೆ ಅವರದ್ದೇ ಹೆಸರಿತ್ತು, 'ಲೆಫ್ಟ್ಸೆ' ಅಂತ. ಪೆಟ್ರಿ ಎರಡನ್ನೂ ಅಕ್ಕಪಕ್ಕ ಇಟ್ಟ.

ಈಗ 500 ವರ್ಷ ಮುಂದೆ ಬನ್ನಿ. ಇವತ್ತಿನ ಜರ್ಮನ್ ನಿಘಂಟು ತೆಗೆಯಿರಿ. ಮನುಷ್ಯರ ತುಟಿಗೆ ಲಿಪ್ಪೆ. ಲೆಫ್ಟ್ಸೆ ಎಲ್ಲಿ ಹೋಯಿತು? ಅದೂ ಇದೆ. ಅರ್ಥ ಏನು ಗೊತ್ತಾ? ನಾಯಿಯ ತುಟಿ. ಮುದ್ದಿಸುವಾಗ ಅಮ್ಮ ಹೇಳುತ್ತಿದ್ದ ಪದ, ಶಿಷ್ಟ ಭಾಷೆಯಲ್ಲಿ ನಾಯಿ-ತೋಳದ ಪಾಲಾಯಿತು. ಆ ಪದದಲ್ಲಿ ಏನಾದರೂ ದೋಷ ಇತ್ತಾ? ಏನೂ ಇರಲಿಲ್ಲ. ಗೆದ್ದ ಪುಸ್ತಕದಲ್ಲಿ ಅದು ಇರಲಿಲ್ಲ, ಅಷ್ಟೇ.

ದಕ್ಷಿಣ ಕಳೆದುಕೊಂಡದ್ದು ಪದಗಳನ್ನು. ಉತ್ತರ ಕಳೆದುಕೊಂಡದ್ದು ಇಡೀ ಬರಹವನ್ನು. ಒಂದೊಂದೇ ನಗರದ ಕಚೇರಿ ಲೋ ಜರ್ಮನ್ ಬಿಟ್ಟು ಹೈ ಜರ್ಮನ್‌ಗೆ ಹೋಯಿತು. ಆಮೇಲೆ ಚರ್ಚು, ಆಮೇಲೆ ಶಾಲೆ. ನಿಷೇಧ ಹೇರುವ ಅಗತ್ಯವೇ ಬರಲಿಲ್ಲ. ಮೇಲಿನವರು ಮೊದಲು ಬಿಟ್ಟರು, ಉಳಿದವರು ಹಿಂದೆ ನಡೆದರು. ಕೊನೆಗೆ ಅದು ರೈತರ, ಮೀನುಗಾರರ, ಅಡುಗೆಮನೆಯ ಮಾತಾಗಿ ಉಳಿಯಿತು.

ಇತಿಹಾಸದ ತಮಾಷೆ ನೋಡಿ. ಉತ್ತರದವರಿಗೆ ಹೈ ಜರ್ಮನ್ ಪುಸ್ತಕದಿಂದ ಕಲಿತ ಭಾಷೆ. ಹಾಗಾಗಿ ಬರೆದಂತೆ ಅಕ್ಷರ ಅಕ್ಷರ ಬಿಡಿಸಿ ಓದುತ್ತಿದ್ದರು. 1898ರಲ್ಲಿ ಥಿಯೊಡೋರ್ ಸೀಬ್ಸ್ ಅನ್ನೋ ವಿದ್ವಾಂಸ ನಾಟಕರಂಗಕ್ಕೆ ಅಂತ ಉಚ್ಚಾರಣೆಯ ನಿಯಮ ಹೊರತಂದಾಗ ಈ ಉತ್ತರದ ಉಚ್ಚಾರಣೆಯೇ ಮಾದರಿಯಾಯಿತು. ತಮ್ಮ ಮಾತು ಕಳೆದುಕೊಂಡವರ ಬಾಯೇ 'ಶುದ್ಧ ಜರ್ಮನ್' ಬಾಯಿ ಅನ್ನಿಸಿಕೊಂಡಿತು!

ಎಂಜಿನಿಯರಿಂಗ್ ಓದಿದ ನನಗೆ ಈ ಇಡೀ ಕಥೆಯಲ್ಲಿ ತುಂಬ ಇಷ್ಟವಾಗೋ ವ್ಯಕ್ತಿ ಗೇಯೋರ್ಗ್ ವೆಂಕರ್. 1876ರಲ್ಲಿ ಈತ ಒಂದು ಕೆಲಸ ಶುರು ಮಾಡಿದರು. ಕೆಲವು ಸಾದಾ ವಾಕ್ಯಗಳನ್ನು ಬರೆದು ಹಳ್ಳಿ ಶಾಲೆಯ ಮೇಷ್ಟ್ರುಗಳಿಗೆ ಅಂಚೆಯಲ್ಲಿ ಕಳಿಸಿದರು. 'ಇದನ್ನು ನಿಮ್ಮೂರ ಮಾತಿನಲ್ಲಿ ಬರೆದು ವಾಪಸ್ ಕಳಿಸಿ' ಅನ್ನೋದಷ್ಟೇ ಕೋರಿಕೆ. ಮುಂದೆ ಆ ವಾಕ್ಯಗಳ ಸಂಖ್ಯೆ 40ಕ್ಕೆ ನಿಂತಿತು. ಉತ್ತರ ಬಂದ ಊರುಗಳು 40 ಸಾವಿರಕ್ಕೂ ಹೆಚ್ಚು. ಕಂಪ್ಯೂಟರ್ ಇಲ್ಲ, ಟೇಪ್ ರೆಕಾರ್ಡರ್ ಇಲ್ಲ. ಬರೀ ಅಂಚೆ ಮತ್ತು ಮೇಷ್ಟ್ರುಗಳು! ಆ ಡೇಟಾ ಇವತ್ತಿಗೂ ಮಾರ್ಬುರ್ಗ್‌ನಲ್ಲಿದೆ. ನಕ್ಷೆ ಬರೆದಾಗ ಏನು ಕಂಡಿತು? ಒಂದೊಂದು ಪದದ ಗಡಿ ಒಂದೊಂದು ಕಡೆ ಹೋಗುತ್ತೆ. ರೈನ್ ನದಿಯ ಹತ್ತಿರ ಗೆರೆಗಳು ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುತ್ತವೆ. ಇಲ್ಲಿಗೆ ಒಂದು ಮಾತು ಮುಗೀತು, ಇಲ್ಲಿಂದ ಇನ್ನೊಂದು ಶುರು ಅಂತ ಬೇಲಿ ಹಾಕೋಕೆ ಆಗೋದೇ ಇಲ್ಲ.

ಬೇಲಿ ಹಾಕೋದು ರಾಜಕೀಯ. ಲಕ್ಸೆಂಬರ್ಗ್ ಜನರದ್ದು ಮೋಸೆಲ್ ನದಿ ಸೀಮೆಯ ಜರ್ಮನ್ ಉಪಭಾಷೆ. 1984ರಲ್ಲಿ ಅವರ ಸಂಸತ್ತು ಕಾನೂನು ಮಾಡಿ ಅದನ್ನು ರಾಷ್ಟ್ರಭಾಷೆ ಅಂದಿತು. ಗಡಿಯ ಈ ಕಡೆ ಅದು ಭಾಷೆ, ಆ ಕಡೆ ಜರ್ಮನಿಯಲ್ಲಿ ಅದರ ಒಡಹುಟ್ಟು ಇನ್ನೂ ಉಪಭಾಷೆ.

ಸ್ವಿಟ್ಜರ್ಲೆಂಡಿಗೆ ಬನ್ನಿ. ಅಲ್ಲಿ ಪತ್ರಿಕೆ ಶಿಷ್ಟ ಜರ್ಮನ್‌ನಲ್ಲಿ ಬರುತ್ತೆ. ಆದರೆ ಬ್ಯಾಂಕ್ ಮ್ಯಾನೇಜರ್, ಡಾಕ್ಟರ್, ಪ್ರೊಫೆಸರ್, ಟ್ರಾಮ್ ಡ್ರೈವರ್, ಎಲ್ಲರೂ ಪರಸ್ಪರ ಮಾತಾಡೋದು ಸ್ವಿಸ್ ಜರ್ಮನ್. 1930ರ ದಶಕದಲ್ಲಿ ಹಿಟ್ಲರನ ಜರ್ಮನಿ ಪಕ್ಕದಲ್ಲೇ ಗುಟುರು ಹಾಕುತ್ತಿದ್ದಾಗ, 'ನಾವು ಅವರಲ್ಲ' ಅಂತ ತೋರಿಸೋಕೆ ಈ ಮಾತು ಅವರಿಗೆ ಗುರಾಣಿಯಾಯಿತು. 2011ರಲ್ಲಿ ಜ್ಯೂರಿಕ್ ಪ್ರಾಂತ್ಯದ ಮತದಾರರು ಶಿಶುವಿಹಾರದಲ್ಲಿ ನಮ್ಮ ಆಡುಮಾತೇ ಇರಲಿ ಅಂತ ಮತ ಹಾಕಿದರು.

ಲೋ ಜರ್ಮನ್ ಗತಿ ಏನು? 1999ರಿಂದ ಯುರೋಪಿನ ಪ್ರಾದೇಶಿಕ ಭಾಷೆಗಳ ಒಪ್ಪಂದದ ಅಡಿ ಜರ್ಮನಿಯ 8 ರಾಜ್ಯಗಳಲ್ಲಿ ಅದಕ್ಕೆ ರಕ್ಷಣೆ ಇದೆ. ರೇಡಿಯೊ ಬ್ರೆಮೆನ್ ಅದರಲ್ಲಿ ವಾರ್ತೆ ಓದುತ್ತೆ. ಹ್ಯಾಂಬರ್ಗ್‌ನಲ್ಲಿ 1902ರಲ್ಲಿ ಶುರುವಾದ ಓನ್‌ಸೋರ್ಗ್ ನಾಟಕಶಾಲೆ ಇನ್ನೂ ನಡೀತಿದೆ. ಗೌರವ ಇದೆ, ಅನುದಾನ ಇದೆ. ಆದರೆ ಮನೆಯಲ್ಲಿ ಅದನ್ನು ಮಾತಾಡೋ ಮಕ್ಕಳು ತೀರಾ ಕಡಿಮೆ. ಯಾಕೆ? ಎರಡನೇ ಮಹಾಯುದ್ಧದ ನಂತರದ ತಂದೆ-ತಾಯಿ 'ಮಗು ಶಾಲೆಯಲ್ಲಿ ಹಿಂದೆ ಬೀಳಬಾರದು' ಅಂತ ಅದನ್ನು ಕಲಿಸೋದು ಬಿಟ್ಟರು. ದ್ವೇಷದಿಂದ ಅಲ್ಲ, ಪ್ರೀತಿಯಿಂದ.

ಈ ಕಥೆ ನಮಗೂ ದೂರದ್ದಲ್ಲ. 1843ರಲ್ಲಿ 'ಮಂಗಳೂರ ಸಮಾಚಾರ' ಹೊರತಂದ ಹರ್ಮನ್ ಮೋಗ್ಲಿಂಗ್ ಬಂದಿದ್ದು ವ್ಯುರ್ಟೆಂಬೆರ್ಗ್‌ನಿಂದ, ದಕ್ಷಿಣದ ಸೀಮೆ. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟ ಫರ್ಡಿನಾಂಡ್ ಕಿಟ್ಟೆಲ್ ಹುಟ್ಟಿದ್ದು ಉತ್ತರದ ತುದಿಯ ಪೂರ್ವ ಫ್ರೀಸ್‌ಲ್ಯಾಂಡ್‌ನಲ್ಲಿ, ಲೋ ಜರ್ಮನ್ ಸೀಮೆ. ಇಬ್ಬರನ್ನೂ ಇಲ್ಲಿಗೆ ಕಳಿಸಿದ ಮಿಷನ್ ಇದ್ದದ್ದು ಆಡಂ ಪೆಟ್ರಿಯ ಅದೇ ಬಾಸೆಲ್‌ನಲ್ಲಿ. ಕಿಟ್ಟೆಲ್ ತಮ್ಮ ನಿಘಂಟಿನಲ್ಲಿ ಹಳಗನ್ನಡ ಕಾವ್ಯದ ಪದಗಳ ಜೊತೆಗೇ ಜನರ ಬಾಯಿಯ ಪದಗಳಿಗೂ ಜಾಗ ಕೊಟ್ಟರು. ಎಷ್ಟೋ ಪದಗಳ ಪಕ್ಕ ಇದು ಯಾವ ಸೀಮೆಯದ್ದು ಅಂತ ಗುರುತೂ ಹಾಕಿದರು.

ಜರ್ಮನಿ ಮತ್ತು ಸ್ವಿಟ್ಜರ್ಲೆಂಡ್ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಒಂದು ಕಡೆ ರಕ್ಷಣೆಯ ಒಪ್ಪಂದ ಇದೆ, ಮಾತಾಡೋ ಮಕ್ಕಳಿಲ್ಲ. ಇನ್ನೊಂದು ಕಡೆ ಮಾತು ತಾನಾಗಿಯೇ ಬದುಕಿದೆ, ಯಾಕೆಂದರೆ ಓದಿದವರು, ದುಡ್ಡಿದ್ದವರು ಅದನ್ನು ಬಿಡಲಿಲ್ಲ. ಊರ ಮಾತನ್ನು ಉಳಿಸೋಕೆ ಹಳ್ಳಿಯ ಅಜ್ಜಿ ಒಬ್ಬಳೇ ಸಾಲದು. ಮೊದಲು ಬಿಟ್ಟು ಹೋಗುವವರು ಅಜ್ಜಿಯಲ್ಲ. ಓದಿ ಮುಂದೆ ಬಂದ ಮಕ್ಕಳು. ಅವರು ನಾಲ್ಕು ಜನರ ಮುಂದೆ ನಾಚಿಕೆ ಇಲ್ಲದೆ ಊರ ಮಾತು ಆಡಿದರೆ ಅದು ಉಳಿಯುತ್ತೆ. ಇಲ್ಲದಿದ್ದರೆ ತುಟಿಯ ಹೆಸರೂ ನಾಯಿಗೆ ಹೋಗುತ್ತೆ.