ಭೀಮನ ಊಟ, ಮ್ಯಾಶ್‌ನ ಕ್ರೀಮ್ ಪಫ್

ಮೊನ್ನೆ ಭಾನುವಾರ ಬೆಳಿಗ್ಗೆ ಕ್ಯಾತ್ಸಂದ್ರದ ಮನೆಯಲ್ಲಿ ತಟ್ಟೆ ಇಡ್ಲಿ ಪೊಟ್ಟಣ ಬಿಚ್ಚಿಕೊಂಡು, ಲ್ಯಾಪ್‌ಟಾಪಿನಲ್ಲಿ 'ಮ್ಯಾಶ್ಲ್' ಅನ್ನೋ ಜಪಾನಿ ಅನಿಮೆ ಹಾಕಿಕೊಂಡು ಕೂತಿದ್ದೆ. ವಾರವಿಡೀ ಬೆಂಗಳೂರಿನಲ್ಲಿ ಬೇರೆಯವರು ಬರೆದ ಕೋಡಿನ ತಪ್ಪು ಹುಡುಕುವ ನನಗೆ, ವಾರಕ್ಕೊಮ್ಮೆಯಾದ್ರೂ ಸೋಲೇ ಇಲ್ಲದ ಒಬ್ಬ ನಾಯಕನನ್ನು ನೋಡಬೇಕು ಅನ್ಸುತ್ತೆ. ಪಕ್ಕದ ಕುರ್ಚಿಯಲ್ಲಿ ದೊಡ್ಡಪ್ಪ ಇದ್ದರು. ಎರಡು ವರ್ಷದ ಹಿಂದೆ ಲಕ್ವ ಹೊಡೆದ ಮೇಲೆ ಅವರ ಬಲಗೈ ಸ್ವಾಧೀನದಲ್ಲಿಲ್ಲ. ಹೆಚ್ಚು ಮಾತೂ ಇಲ್ಲ, ನಗು ಇನ್ನೂ ಕಮ್ಮಿ.

ಅವತ್ತು ನಕ್ಕುಬಿಟ್ಟರು. ಅದಕ್ಕೇ ಈ ಬರಹ.

ಮೊದಲು ಕಥೆ ಹೇಳಿಬಿಡ್ತೀನಿ. ಹಾಜಿಮೆ ಕೋಮೊಟೊ ಅನ್ನುವವರ ಕಾಮಿಕ್ಸ್ ಇದು, 2020ರಿಂದ 2023ರವರೆಗೆ ವಾರಪತ್ರಿಕೆಯಲ್ಲಿ ಬಂತು. ಅನಿಮೆಯಾಗಿ ಶುರುವಾಗಿದ್ದು 2023ರ ಏಪ್ರಿಲ್‌ನಲ್ಲಿ. ಅಲ್ಲಿ ಎಲ್ಲರಿಗೂ ಮಂತ್ರಶಕ್ತಿ ಇರುತ್ತೆ, ಮುಖದ ಮೇಲೆ ಅದರ ಗುರುತೂ ಇರುತ್ತೆ. ಗುರುತಿಲ್ಲದೆ ಹುಟ್ಟಿದವರನ್ನು ಉಳಿಸುವುದಿಲ್ಲ. ಹಾಗೆ ಹುಟ್ಟಿದ ಮ್ಯಾಶ್‌ನನ್ನು ಒಬ್ಬ ತಾತ ಕಾಡಿನಲ್ಲಿ ಬಚ್ಚಿಟ್ಟು ಸಾಕಿದ್ದಾನೆ. ಹುಡುಗನಿಗೆ ಗೊತ್ತಿರೋದು ಎರಡೇ: ಕಸರತ್ತು ಮಾಡೋದು, ಕ್ರೀಮ್ ಪಫ್ ತಿನ್ನೋದು. ಅವನು ಮಂತ್ರದ ಶಾಲೆಗೇ ಸೇರ್ತಾನೆ. ಉಳಿದವರು ಮಂತ್ರ ಹೇಳಿ ಮಾಡಿದ್ದನ್ನೆಲ್ಲ ಇವನು ತೋಳ್ಬಲದಲ್ಲಿ ಮಾಡಿ ಮುಗಿಸ್ತಾನೆ. ಬಾಗಿಲು ಎಳೀಬೇಕೋ ತಳ್ಳಬೇಕೋ ತಿಳಿಯದೆ ಬಾಗಿಲನ್ನೇ ಕಿತ್ತು ಕೈಯಲ್ಲಿ ಹಿಡ್ಕೊಂಡು ನಿಲ್ತಾನೆ!

ಆಫೀಸಿನ ಗೆಳೆಯರು ಕೇಳ್ತಾರೆ, "ಗೆಲ್ತಾನೆ ಅಂತ ಗೊತ್ತಿದ್ದ ಮೇಲೆ ನೋಡೋದೇನಿದೆ ಗುರು?" ಪ್ರಶ್ನೆ ನ್ಯಾಯವಾದದ್ದೇ. ನನ್ನ ಹತ್ತಿರ ಉತ್ತರ ಇರಲಿಲ್ಲ. ದೊಡ್ಡಪ್ಪನ ಹತ್ತಿರ ಇತ್ತು.

"ಇವನು ಭೀಮ ಕಣೋ" ಅಂದರು.

ದೊಡ್ಡಪ್ಪ ವಯಸ್ಸಿನಲ್ಲಿ ಊರ ಪೌರಾಣಿಕ ನಾಟಕದಲ್ಲಿ ಭೀಮನ ಪಾರ್ಟು ಹಾಕ್ತಿದ್ದವರು. ನಮ್ಮ ಕಡೆ ಇದು ಗೊತ್ತಿದ್ದದ್ದೇ. ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ ತಿಂಗಳುಗಟ್ಟಲೆ ಪ್ರಾಕ್ಟೀಸು, ಪಾರ್ಟಿಗೆ ಕೈಯಿಂದಲೇ ದುಡ್ಡು, ಕೊನೆಗೆ ಒಂದು ರಾತ್ರಿ ಬೆಳಗಿನವರೆಗೆ ನಾಟಕ. ಕಾಲೇಜಿನಲ್ಲಿದ್ದಾಗ ನನಗೆ ಅದೆಲ್ಲ ಬರೀ ಕಿರುಚಾಟ ಅನ್ನಿಸ್ತಿತ್ತು. ಮೈಕ್ ಸೌಂಡಿಗೆ ಬಾಗಿಲು ಹಾಕಿಕೊಂಡು ಮಲಗಿದವನು ನಾನು. ದೊಡ್ಡಪ್ಪನ ಭೀಮನನ್ನು ಪೂರ್ತಿ ನೋಡಲೇ ಇಲ್ಲ. ಇನ್ನು ನೋಡೋಕೂ ಆಗಲ್ಲ.

ಈಗ ಭೀಮನ ವಿಷಯಕ್ಕೆ ಬರೋಣ. ಕನ್ನಡಕ್ಕೂ ಭೀಮನಿಗೂ ಸಾವಿರ ವರ್ಷದ ನಂಟು. ಹತ್ತನೇ ಶತಮಾನದಲ್ಲೇ ರನ್ನ ತನ್ನ ದೊರೆ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ 'ಸಾಹಸಭೀಮ ವಿಜಯ' ಬರೆದ, ನಾವು 'ಗದಾಯುದ್ಧ' ಅನ್ನೋದು ಅದನ್ನೇ. ಅಲ್ಲಿ ಕಾಣೋದು ಸಿಟ್ಟಿನ ಭೀಮ. ಜನರ ಬಾಯಲ್ಲಿ ಉಳಿದದ್ದು ಊಟದ ಭೀಮ, ಅಂದ್ರೆ ಬಕಾಸುರನ ಕಥೆಯವನು.

ಏಕಚಕ್ರಪುರದಲ್ಲಿ ಒಂದು ನಿಯಮ. ಸರದಿಯ ಪ್ರಕಾರ ಒಂದೊಂದು ಮನೆಯಿಂದ ಬಂಡಿ ತುಂಬ ಅನ್ನ, ಜೊತೆಗೆ ಒಬ್ಬ ಮನುಷ್ಯ ಬಕನಿಗೆ ಹೋಗಬೇಕು. ಪಾಂಡವರಿಗೆ ಆಶ್ರಯ ಕೊಟ್ಟ ಮನೆಯ ಸರದಿ ಬಂದಾಗ ಗಂಡ, ಹೆಂಡತಿ, ಮಕ್ಕಳು ನಾನು ಹೋಗ್ತೀನಿ ತಾನು ಹೋಗ್ತೀನಿ ಅಂತ ಅಳ್ತಾರೆ. ಕುಂತಿ ಮಗನನ್ನು ಕಳಿಸ್ತಾಳೆ. ಇವನು ಹೋಗಿ ಮಾಡೋದೇನು? ಬಂಡಿಯ ಅನ್ನ ತಾನೇ ಉಣ್ಣೋಕೆ ಕೂರ್ತಾನೆ. ಬಕ ಬಂದು ಬೆನ್ನಿಗೆ ಗುದ್ದಿದರೂ ತಿರುಗಿ ನೋಡದೆ ಊಟ ಮುಗಿಸ್ತಾನೆ. ಆಮೇಲಷ್ಟೇ ಏಳೋದು.

ಭೀಮ ಗೆಲ್ತಾನೋ ಇಲ್ವೋ ಅಂತ ಈ ಕಥೆ ಕೇಳುವವರಿಗೆ ಎಂದಾದರೂ ಅನುಮಾನ ಬಂದಿದೆಯಾ? ಇಲ್ಲ. ಆದ್ರೂ ಕೇಳ್ತಾರೆ. ಯಾಕೆಂದ್ರೆ ಇಲ್ಲಿ ಗೆಲುವಿಗಿಂತ ಮುಖ್ಯವಾದದ್ದು ಭಯ ಹೋಗೋದು. ಇಡೀ ಊರು ಯಾವುದಕ್ಕೆ ನಡುಗುತ್ತಿತ್ತೋ ಅದನ್ನು ಒಬ್ಬ ತಿರುಗಿಯೂ ನೋಡಲ್ಲ. ಮ್ಯಾಶ್ಲ್‌ನಲ್ಲೂ ಇದೇ ಲೆಕ್ಕ. ಗುರುತಿಲ್ಲದ ಮಕ್ಕಳು ಬದುಕಬಾರದು ಅನ್ನೋ ಕಾನೂನಿನ ಮುಂದೆ ಕೂತು ಅವನು ಕ್ರೀಮ್ ಪಫ್ ತಿಂತಾನೆ. ನಗು ಬರೋದು ಬಲಕ್ಕಲ್ಲ, ಆ ಕಾನೂನಿನ ಮರ್ಯಾದೆ ಹೋಗಿದ್ದಕ್ಕೆ.

ಇದನ್ನು ರಂಗದ ಮೇಲೆ ದೊಡ್ಡದಾಗಿ ತೋರಿಸಿದವರೂ ನಮ್ಮ ಜಿಲ್ಲೆಯವರೇ. ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ. ಆರೇಳು ವರ್ಷದ ಹುಡುಗನಾಗಿ ಅದನ್ನು ಸೇರಿ ಮುಂದೆ ಯಜಮಾನರಾದ ವೀರಣ್ಣನವರು 1934ರಲ್ಲಿ 'ಕುರುಕ್ಷೇತ್ರ' ಆಡಿಸಿದಾಗ ರಂಗಕ್ಕೆ ನಿಜವಾದ ಆನೆ ಕುದುರೆ ತಂದರು. ಅಷ್ಟೆಲ್ಲ ವೈಭವ ಕಟ್ಟಿದ ಅದೇ ವೀರಣ್ಣನವರು ಹೆಸರು ಮಾಡಿದ್ದು ಹಾಸ್ಯದಲ್ಲಿ. 'ಸದಾರಮೆ'ಯ ಕಳ್ಳನಾಗಿ ಅವರು ಜನರನ್ನು ಹೊಟ್ಟೆ ಹುಣ್ಣಾಗುವ ಹಾಗೆ ನಗಿಸ್ತಿದ್ದರು. ಆನೆಯೂ ಬೇಕು, ನಗುವೂ ಬೇಕು ಅನ್ನೋದು ನಮ್ಮ ಜನಕ್ಕೆ ಆಗಲೇ ಗೊತ್ತಿತ್ತು.

ಆದ್ರೆ ದೊಡ್ಡಪ್ಪನದು ಇನ್ನೊಂದು ಪ್ರಶ್ನೆ ಇತ್ತು. "ಎಲ್ಲಾ ಸರಿ, ಇವನಿಗೆ ಗಾರುಡಿ ಯಾರು?"

ತಿಳಿಯದವರಿಗೆ ಹೇಳಬೇಕು. ಯುದ್ಧ ಗೆದ್ದ ಮೇಲೆ ಭೀಮಾರ್ಜುನರಿಗೆ ಗರ್ವ ಬರುತ್ತೆ. ಕೃಷ್ಣ ಗಾರುಡಿಗನ ವೇಷದಲ್ಲಿ ಬಂದು ಅದನ್ನು ಇಳಿಸ್ತಾನೆ. ಹುಣಸೂರು ಕೃಷ್ಣಮೂರ್ತಿಯವರು ಇದನ್ನೇ 1958ರಲ್ಲಿ 'ಶ್ರೀಕೃಷ್ಣ ಗಾರುಡಿ' ಅಂತ ಸಿನಿಮಾ ಮಾಡಿದರು, ರಾಜ್‌ಕುಮಾರ್ ಅದರಲ್ಲಿದ್ದಾರೆ. ಸೌಗಂಧಿಕಾ ಹೂವಿನ ಕಥೆಯೂ ಅಂಥದ್ದೇ. ಮುದಿಕೋತಿಯ ಬಾಲ ಎತ್ತಲಾಗದೆ ಭೀಮ ಬೆವರ್ತಾನೆ, ನೋಡಿದರೆ ಅದು ಅಣ್ಣ ಹನುಮಂತ. ಬಕನನ್ನು ಕೊಂದವನೇ ನಾಳೆ ಇನ್ನೊಬ್ಬ ಬಕ ಆದರೆ? ಈ ಭಯ ನಮ್ಮ ಹಿರಿಯರಿಗಿತ್ತು. ಭೀಮನನ್ನು ನೋಡಿ ಚಪ್ಪಾಳೆ ಹೊಡೆದರು, ಅವನ ಮೇಲೂ ಒಬ್ಬ ಗಾರುಡಿಗನನ್ನು ಇಟ್ಟರು.

ನಾನು ಸ್ವಲ್ಪ ಯೋಚಿಸಿ ಹೇಳಿದೆ, "ದೊಡ್ಡಪ್ಪ, ಇವನಿಗೆ ಗರ್ವಾನೇ ಇಲ್ಲ. ತಾತನ ಜೊತೆ ನೆಮ್ಮದಿಯಾಗಿ ಮನೇಲಿರಬೇಕು, ಅಷ್ಟೇ ಆಸೆ. ಅದಕ್ಕೇ ಇಷ್ಟೆಲ್ಲ ಹೊಡೆದಾಟ."

ದೊಡ್ಡಪ್ಪ ಲ್ಯಾಪ್‌ಟಾಪ್ ಕಡೆಗೇ ನೋಡ್ತಾ, ಎಡಗೈಯಲ್ಲಿ ಇಡ್ಲಿ ಮುರಿದುಕೊಂಡು ಅಂದರು, "ಹಂಗಾದ್ರೆ ಗಾರುಡಿ ಬೇಕಾಗಿಲ್ಲ ಬಿಡು. ಮುಂದಿಂದು ಹಾಕು."

ಹಾಕಿದೆ. ಆ ಸೀಸನ್ ಮುಗಿಯೋವರೆಗೂ ಇಬ್ಬರೂ ಎದ್ದಿಲ್ಲ :-)

ಮುಂದಿನ ಸಲ ಊರಲ್ಲಿ ನಾಟಕ ಆದ್ರೆ ನಾನು ಬಾಗಿಲು ಹಾಕಿಕೊಳ್ಳಲ್ಲ. ದೊಡ್ಡಪ್ಪನನ್ನು ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲೇ ಕೂರ್ತೀನಿ. ನಿಮ್ಮೂರಲ್ಲೂ ಭೀಮನ ಪಾರ್ಟು ಹಾಕಿದವರು ಯಾರಾದ್ರೂ ಇದ್ರೆ ಒಂದು ಭಾನುವಾರ ಹೋಗಿ ಮಾತಾಡಿಸಿ ಬನ್ನಿ. ಏನಂತೀರಿ?