ಯಾದಗಿರಿ ಜಿಲ್ಲೆಯಲ್ಲಿ ಸಾವಯವ ತರಕಾರಿ ಕೃಷಿ

ರಾಸಾಯನಿಕ ಗೊಬ್ಬರ ಹಾಗೂ ಕೃತಕ ಕೀಟನಾಶಕಗಳನ್ನು ಬಳಸದೆ ತರಕಾರಿ ಬೆಳೆಯುವ ಪದ್ಧತಿಯನ್ನು ಸಾವಯವ ತರಕಾರಿ ಕೃಷಿ ಎನ್ನುತ್ತಾರೆ. ತೊಗರಿ, ಹತ್ತಿ ಮತ್ತು ಭತ್ತ ಪ್ರಧಾನವಾಗಿರುವ ಯಾದಗಿರಿ, ಶಹಾಪುರ ಮತ್ತು ಸುರಪುರ ಭಾಗಗಳಲ್ಲಿ ಇದನ್ನು ಹೊಸದಾಗಿ ಕೈಗೊಳ್ಳುವವರಿಗೆ ಪರಿವರ್ತನೆಯ ಮೊದಲ ವರ್ಷಗಳೇ ಕಠಿಣವಾದವು.

ಮಣ್ಣು ಮತ್ತು ನೀರು

ಶಹಾಪುರ ಮತ್ತು ಸುರಪುರ ಪ್ರದೇಶವು ಕೃಷ್ಣಾ ಹಾಗೂ ಭೀಮಾ ನದಿಗಳ ನಡುವೆ ಇದೆ. ನಾರಾಯಣಪುರದ ಬಸವಸಾಗರ ಜಲಾಶಯದ ಎಡದಂಡೆ ಕಾಲುವೆ ಇಲ್ಲಿನ ನೀರಾವರಿಗೆ ಮುಖ್ಯ ಆಧಾರ. ಕಾಲುವೆಯಲ್ಲಿ ವರ್ಷವಿಡೀ ನೀರು ಹರಿಯದ ಕಾರಣ ಬೇಸಿಗೆಯ ತರಕಾರಿಗೆ ಬಾವಿ, ಕೊಳವೆಬಾವಿ ಅಥವಾ ಕೃಷಿ ಹೊಂಡ ಅಗತ್ಯ. ಎರೆಮಣ್ಣು ಮಳೆಗಾಲದಲ್ಲಿ ನೀರು ಹಿಡಿದು ಬೇರು ಕೊಳೆಯಲು ಕಾರಣವಾಗುತ್ತದೆ. ಆದ್ದರಿಂದ ಏರುಮಡಿಗಳಲ್ಲಿ ಬೆಳೆಯುವುದು ಉತ್ತಮ.

ಆರಂಭಿಕ ಕ್ರಮಗಳು

ಇಡೀ ಹೊಲವನ್ನು ಒಮ್ಮೆಗೇ ಬದಲಿಸದೆ ಕೆಲವು ಗುಂಟೆಗಳಲ್ಲಿ ಆರಂಭಿಸಿದರೆ ನಷ್ಟದ ಭಾರ ಕಡಿಮೆ. ಮೊದಲು ಸೆಣಬು ಅಥವಾ ಡಯಂಚ ಬಿತ್ತಿ, ಹೂಬಿಡುವ ಹಂತದಲ್ಲಿ ಮಣ್ಣಿಗೆ ಸೇರಿಸಲಾಗುತ್ತದೆ. ಮೆಂತ್ಯ, ಪಾಲಕ್, ಪುಂಡಿಪಲ್ಯದಂತಹ ಸೊಪ್ಪುಗಳು ಬೇಗ ಕೊಯ್ಲಿಗೆ ಬಂದು ಕೈಗೆ ಹಣ ತರುತ್ತವೆ. ಬದನೆ, ಬೆಂಡೆ, ಚವಳಿಕಾಯಿ, ಹೀರೆ ನಂತರ ಫಸಲು ಕೊಡುತ್ತವೆ.

ಬೆಂಡೆಯ ಹಳದಿ ನಂಜುರೋಗವನ್ನು ಬಿಳಿನೊಣ ಹರಡುತ್ತದೆ. ರೋಗ ತಗುಲಿದ ಗಿಡವನ್ನು ಗುಣಪಡಿಸುವ ಔಷಧವಿಲ್ಲ. ಅದನ್ನು ಕೂಡಲೇ ಕಿತ್ತು ನಾಶಪಡಿಸಬೇಕು. ಬಿಳಿನೊಣದ ಹತೋಟಿಗೆ ಹಳದಿ ಅಂಟುಬಲೆಗಳನ್ನೂ, ಲೀಟರ್ ನೀರಿಗೆ 50 ಗ್ರಾಂ ಬೇವಿನ ಬೀಜದ ಪುಡಿಯಂತೆ ತಯಾರಿಸಿದ ಕಷಾಯವನ್ನೂ ಬಳಸುತ್ತಾರೆ. ಟೊಮೆಟೊ ಸಾಲುಗಳ ನಡುವೆ ನೆಟ್ಟ ಚೆಂಡುಹೂ ಕಾಯಿಕೊರಕವನ್ನು ತನ್ನೆಡೆಗೆ ಸೆಳೆಯುತ್ತದೆ.

ನೆರೆಹೊಲದ ಸಮಸ್ಯೆ

ಪಕ್ಕದ ಹತ್ತಿ ಅಥವಾ ಭತ್ತಕ್ಕೆ ಸಿಂಪಡಿಸಿದ ವಿಷ ಗಾಳಿಯಲ್ಲಿಯೂ ಬಸಿನೀರಿನಲ್ಲಿಯೂ ಬರಬಹುದು. ಬದುವಿನ ಮೇಲೆ ಎತ್ತರದ ಗಿಡಗಳ ಸಾಲು, ಬಸಿಗಾಲುವೆ ಮತ್ತು ಅಂಚಿನಲ್ಲಿ ಬಿಟ್ಟ ರಕ್ಷಣಾ ಪಟ್ಟಿ ಇದಕ್ಕೆ ಪರಿಹಾರ. ನೆರೆಯ ರೈತರೊಡನೆ ಸಿಂಪಡಣೆಯ ದಿನವನ್ನು ಮೊದಲೇ ಮಾತನಾಡಿಕೊಳ್ಳುವುದೂ ಅಷ್ಟೇ ಮುಖ್ಯ.

ಪ್ರಮಾಣೀಕರಣ ಮತ್ತು ಮಾರಾಟ

ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ ಪ್ರಕಾರ ವಾರ್ಷಿಕ ಬೆಳೆಗಳಿಗೆ ಸಾಮಾನ್ಯವಾಗಿ ಬಿತ್ತನೆಗೆ ಮುಂಚಿನ 2 ವರ್ಷಗಳ ಪರಿವರ್ತನಾ ಅವಧಿ ಬೇಕು. ಆಗ ಇಳುವರಿ ತಗ್ಗಬಹುದು. ಪೂರ್ಣ ಸಾವಯವ ಮುದ್ರೆಯ ಬೆಲೆಯೂ ದೊರೆಯದು. ಹೀಗಾಗಿ ಉಳಿದ ಜಮೀನಿನ ತೊಗರಿಯಂತಹ ಬೆಳೆ ಕುಟುಂಬಕ್ಕೆ ಆಸರೆಯಾಗುತ್ತದೆ. ಸಣ್ಣ ರೈತರು ಗುಂಪುಗೂಡಿ ಪಿಜಿಎಸ್ ಇಂಡಿಯಾ ವ್ಯವಸ್ಥೆಯಡಿ ಪರಸ್ಪರ ಪರಿಶೀಲನೆಯ ಮೂಲಕ ಪ್ರಮಾಣಪತ್ರ ಪಡೆಯಬಹುದು.

ತರಬೇತಿ

ರಾಯಚೂರು ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ ಭೀಮರಾಯನಗುಡಿಯ ಕೃಷಿ ಮಹಾವಿದ್ಯಾಲಯ ಮತ್ತು ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ ಇವೆ. ಬಿತ್ತನೆಗೆ ಮುನ್ನ ಮಣ್ಣು ಪರೀಕ್ಷೆ ಮಾಡಿಸುವುದು ಹೊಸಬರಿಗೆ ಮೊದಲ ಹೆಜ್ಜೆ.